ದೊಡ್ಡ ಮಳಿಗೆಯ ಆರ್ಡರ್ ಮತ್ತು ನಮ್ಮ ಕೈಕೆಲಸ: ಅನುಭವ ಹಂಚಿಕೆ

ಕೊಪ್ಪಳದಿಂದ ಪ್ರಶ್ನೆ:
ನಾನು ಲಂಬಾಣಿ ಕಸೂತಿಯ ಕುರ್ತಾ, ಜಾಕೆಟ್‌ಗಳನ್ನು ವಿನ್ಯಾಸ ಮಾಡಿ ಮಾರುತ್ತೇನೆ. ಸಿದ್ಧ ಉಡುಪಿನ ದೊಡ್ಡ ಮಳಿಗೆಯವರು ನನ್ನ ಹೆಸರಿನಲ್ಲಿಯೇ ಕಡಿಮೆ ದರದ ಉಡುಪುಗಳನ್ನು ತರೋಣ ಎನ್ನುತ್ತಿದ್ದಾರೆ. ಒಪ್ಪಿದರೆ ಕೈಕೆಲಸದ ಬೆಲೆ ಕೆಡುವುದೇ? ಅನುಭವವುಳ್ಳವರು ತಿಳಿಸಬೇಕಾಗಿ ವಿನಂತಿ.

ಸಂಡೂರಿನಿಂದ:
ಸಹೋದರಿ, ಒಪ್ಪಬೇಡಿ ಎಂದು ನಾನು ಹೇಳುವುದಿಲ್ಲ, ಆದರೆ ಹೆಸರನ್ನು ಮಾತ್ರ ಬರೆದುಕೊಡಬೇಡಿ. ಅಮೆರಿಕದ ವಸ್ತ್ರವಿನ್ಯಾಸಕ ಹಾಲ್ಸ್‌ಟನ್ 1983ರಲ್ಲಿ ಜೆ.ಸಿ. ಪೆನ್ನಿ ಮಳಿಗೆಗಳಿಗೆ ಅಗ್ಗದ ಉಡುಪು ಮಾಡಿಕೊಟ್ಟಾಗ ನ್ಯೂಯಾರ್ಕಿನ ದುಬಾರಿ ಮಳಿಗೆ ಬರ್ಗ್‌ಡಾರ್ಫ್ ಗುಡ್‌ಮನ್ ಅವರ ಉಡುಪು ಮಾರುವುದನ್ನೇ ಬಿಟ್ಟಿತು; ಹೆಸರಿನ ಹಕ್ಕನ್ನು ಅದಕ್ಕೂ ಮೊದಲೇ ಮಾರಿದ್ದರಿಂದ, ಮುಂದೆ ತಮ್ಮ ಹೆಸರಿನಲ್ಲಿ ತಾವೇ ವ್ಯಾಪಾರ ಮಾಡಲು ಅವರಿಗೆ ಆಗಲಿಲ್ಲ. ಹೆಸರಾಂತ ವಿನ್ಯಾಸಕ ಕಾರ್ಲ್ ಲಾಗರ್‌ಫೆಲ್ಡ್ 2004ರಲ್ಲಿ ಎಚ್ ಆಂಡ್ ಎಂ ಎಂಬ ಅಗ್ಗದ ಸಿದ್ಧ ಉಡುಪಿನ ಮಳಿಗೆಗಳ ಜೊತೆ ಸೇರಿದರೂ ಅವರ ಹೆಸರಿಗೆ ಕುಂದು ಬರಲಿಲ್ಲ. ನಮಗೆ ಹೆಚ್ಚು ಹತ್ತಿರದ್ದು 2021ರ, ನಮ್ಮ ದೇಶದ ವಿನ್ಯಾಸಕ ಸಬ್ಯಸಾಚಿ ಮತ್ತು ಎಚ್ ಆಂಡ್ ಎಂ ಉಡುಪುಗಳ ಸಂಗತಿ: ರಾಜಸ್ಥಾನದ ಸಾಂಗಾನೇರಿ ಕೈಅಚ್ಚನ್ನು ನೆನಪಿಸುವ ಚಿತ್ತಾರಗಳು ಯಂತ್ರದಲ್ಲಿ ಮುದ್ರಣವಾದವೆಂದೂ ಕುಶಲಕರ್ಮಿಗಳಿಗೆ ಕೆಲಸ ದೊರೆಯಲಿಲ್ಲವೆಂದೂ ಕರಕುಶಲ ಸಂಘಟನೆಗಳು ಬಹಿರಂಗ ಪತ್ರ ಬರೆದವು. ಆ ಆಕ್ಷೇಪ ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ.

ನಮ್ಮಲ್ಲಿಗೆ ಬಂದ ವ್ಯಾಪಾರಿಯೊಬ್ಬರು ಎದೆಭಾಗ ತುಂಬ ಕಸೂತಿ ಕೇಳಿದರು. ದರ ಹೇಳಿದ ಕೂಡಲೇ ಅದನ್ನೇ ಪ್ರಿಂಟ್ ಮಾಡಿಸೋಣ ಎಂದರು. ನಾವು ಪ್ರಿಂಟಿಗೆ ಒಪ್ಪದೆ ಕಸೂತಿಯನ್ನೇ ಇಳಿಸಿದೆವು: ಜೇಬಿನ ಬಾಯಿಗೆ ಎರಡು ಬೆರಳಗಲದ ಪಟ್ಟಿ, ಅದರಲ್ಲಿ ಕನ್ನಡಿ, ಕವಡೆ ಇಲ್ಲದ ಕಿಲನ್ ಎಂಬ ಲಂಬಾಣಿ ಹೊಲಿಗೆ ಮಾತ್ರ. ಉಡುಪು ಕಾರ್ಖಾನೆಯಲ್ಲಿ ತಯಾರಾಯಿತು, ಪಟ್ಟಿ ತಾಂಡಾದ ಮನೆಗಳಲ್ಲಿ. ದರ ಅವರ ಲೆಕ್ಕಕ್ಕೆ ಹೊಂದಿತು, ಹೆಂಗಸರ ಕೂಲಿಯೂ ಕಡಿಮೆಯಾಗಲಿಲ್ಲ. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚ್ಯಂಕದ (ಆ ಪ್ರದೇಶದ ಅಸಲಿ ಕಸುಬಿಗಷ್ಟೇ ಆ ಹೆಸರು ಸಲ್ಲುವ) ಮಾನ್ಯತೆ ಇರುವುದರಿಂದ ಪ್ರಿಂಟಿಗೆ ಆ ಹೆಸರು ಹಾಕುವಂತಿಲ್ಲ ಎಂಬುದನ್ನು ಒಪ್ಪಂದದಲ್ಲಿಯೇ ಬರೆಸಿ. ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ ಸೂಜಿ ಹಿಡಿಯುವವರೆಲ್ಲ ಹೊಲದಲ್ಲಿರುತ್ತಾರೆ. ಡೆಲಿವರಿ ದಿನಾಂಕವನ್ನು ನಗರದವರ ಹಬ್ಬದ ಸೀಸನ್ ನೋಡಿ ಒಪ್ಪಿಕೊಂಡರೆ ಕೊನೆಗೆ ಯಂತ್ರದ ಮೊರೆ ಹೋಗಬೇಕಾಗುತ್ತದೆ.

ಬಳ್ಳಾರಿಯಿಂದ, ಜೀನ್ಸ್ ಜಾಬ್ ವರ್ಕ್ ಮಾಡುವವರು:
ಮೇಡಂ ಅವರೇ, ಡೆನಿಮ್ ಆದರೆ ವಾಷಿಂಗ್ ಮುಗಿದ ಮೇಲೆಯೇ ಕಸೂತಿ ಪಟ್ಟಿ ಹಚ್ಚಿಸಿ. ಕಲ್ಲು ಹಾಕಿ ತೊಳೆಯುವ ಯಂತ್ರದಲ್ಲಿ ಕನ್ನಡಿ ಬಿಲ್ಲೆ ಉಳಿಯುವುದಿಲ್ಲ, ನೂಲಿನ ಬಣ್ಣವೂ ಕೆಡುತ್ತದೆ. ಒಪ್ಪಿಗೆಯಾದ ಸ್ಯಾಂಪಲ್ಲಿಗೆ ಎರಡೂ ಕಡೆಯವರು ಸಹಿ ಮಾಡಿ, ಒಂದನ್ನು ನಿಮ್ಮ ಬಳಿ ಇಟ್ಟುಕೊಳ್ಳಿ. ಅರ್ಧ ಕೆಲಸವಾದ ಮೇಲೆ ಬಟ್ಟೆ ತೆಳುವಾದರೂ ನಡೆಯುತ್ತದೆ ಎನ್ನುವವರು ನಮ್ಮ ಧಂದೆಯಲ್ಲಿ ಕಡಿಮೆಯೇನಿಲ್ಲ.

ರಾಯಚೂರಿನಿಂದ, ವಕೀಲರು:
ಮೇಲಿನವರು ಹೇಳದೆ ಬಿಟ್ಟದ್ದೊಂದಿದೆ. ವಿನ್ಯಾಸ ಕಾಯ್ದೆ, 2000ರ ಅಡಿ ನೋಂದಾಯಿಸಬಹುದಾದ ವಿನ್ಯಾಸವನ್ನು ನೋಂದಾಯಿಸದೆ, ಅದರ ಉಡುಪನ್ನು ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಬಾರಿ ತಯಾರಿಸಿದರೆ, ಕಾಪಿರೈಟ್ ಕಾಯ್ದೆಯ 15ನೇ ಕಲಮಿನಂತೆ ಕಾಪಿರೈಟ್ ರಕ್ಷಣೆ ಮುಗಿಯುತ್ತದೆ. ಮಳಿಗೆಯ ಮೊದಲ ಲಾಟಿನಲ್ಲಿಯೇ ಆ ಮಿತಿ ದಾಟುತ್ತದೆ. ಪರಂಪರೆಯ ಹೊಲಿಗೆಗಳು ಯಾರೊಬ್ಬರ ಸ್ವತ್ತೂ ಅಲ್ಲ. ನೀವು ಹೊಸದಾಗಿ ಜೋಡಿಸಿದ ಚಿತ್ತಾರಕ್ಕೆ ಮಾತ್ರ ನೋಂದಣಿ ಸಾಧ್ಯ, ಅದೂ ಪ್ರಕಟವಾಗುವ ಮೊದಲು ಅರ್ಜಿ ಹಾಕಿದರೆ. ಅಲ್ಲಿಯವರೆಗೆ ಫೋಟೋಗಳನ್ನು ವಾಟ್ಸಾಪ್ ಸ್ಟೇಟಸ್ಸಿಗೂ ಹಾಕಬೇಡಿ.