ಸೂಜಿಗೆ ಹೆದರುವ ಅತ್ತೆಯನ್ನು ರಕ್ತ ಪರೀಕ್ಷೆಗೆ ಕರ್ಕೊಂಡು ಹೋಗ್ಬೇಕು, ಅನುಭವ ಇದ್ದವರು ಹೇಳಿ

ಪೆರ್ಲದಿಂದ, ಕೇಳಿದವರು:
ನಮ್ಮದು ಕೇರಳದ ಕಾಸರಗೋಡು ಕಡೆ. ನನ್ನ ಅತ್ತೆಗೆ 68 ವರ್ಷ. ಆಗಾಗ ತಲೆ ತಿರುಗುತ್ತದೆ ಅಂತ ಮಂಗಳೂರಿನಲ್ಲಿ ತೋರಿಸಿದೆವು. ಖಾಲಿ ಹೊಟ್ಟೆ ಶುಗರ್, ತಿಂಡಿ ತಿಂದ ಮೇಲಿನ ಶುಗರ್, ಕೊಲೆಸ್ಟ್ರಾಲ್, ಥೈರಾಯ್ಡ್, ಸಿಬಿಸಿ (ರಕ್ತಕಣಗಳ ಲೆಕ್ಕ) ಅಂತ ಬರೆದುಕೊಟ್ಟಿದ್ದಾರೆ. ಅತ್ತೆ ದಿನಾ ಬಿಪಿ ಮಾತ್ರೆ, ರಕ್ತ ಹೆಪ್ಪುಗಟ್ಟದ ಹಾಗೆ ಕೊಟ್ಟ ಆಸ್ಪಿರಿನ್ ತಿನ್ನುತ್ತಾರೆ. ಐದಾರು ವರ್ಷದ ಹಿಂದೆ ಒಂದು ಕಡೆ ನಾಲ್ಕು ಸಲ ಚುಚ್ಚಿದರೂ ನರ ಸಿಗದೆ, ಕೈ ಒಂದು ವಾರ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಆಮೇಲೆ ಆ ವಿಷಯ ಎತ್ತಿದರೆ ಸಾಕು, ಎದ್ದು ಹಟ್ಟಿಗೆ ಹೋಗಿಬಿಡುತ್ತಾರೆ. ಏನೆಲ್ಲ ನೋಡಿಕೊಳ್ಳಬೇಕು?

ಕುಂಬಳೆಯಿಂದ:
ಮೊದಲು ಭಾಷೆ ನೋಡಿಕೊಳ್ಳಿ ಅಕ್ಕ, ತಮಾಷೆಗೆ ಹೇಳ್ತಿಲ್ಲ. ನನ್ನ ದೊಡ್ಡಮ್ಮ ಶಿರಸಿ ಕಡೆಯವರು, ಮಲಯಾಳ ಅಷ್ಟಕ್ಕಷ್ಟೇ. ಹಿಂದಿನ ದಿನ ಲ್ಯಾಬಿನ ಹುಡುಗಿ "ವೆಳ್ಳಂ ಮಾತ್ರಂ ಕುಡಿಕ್ಕಾಂ" ಅಂದಳು. ನೀರು ಮಾತ್ರ ಕುಡಿಯಬಹುದು ಅಂತ. ದೊಡ್ಡಮ್ಮನ ಕಿವಿಗೆ ಬಿದ್ದದ್ದು ಬೆಲ್ಲ! ಬೆಳಿಗ್ಗೆ ಎದ್ದು ದೊಡ್ಡ ತುಂಡು ಬೆಲ್ಲ ಬಾಯಿಗೆ ಹಾಕಿ, ಮೇಲಿಂದ ಒಂದು ಚೊಂಬು ನೀರು ಕುಡಿದು, ರೇಷ್ಮೆ ಸೀರೆ ಉಟ್ಟು ಹೊರಟರು. ಮನೆಗೆ ಬಂದವರಿಗೆಲ್ಲ ಬೆಲ್ಲ ನೀರು ಕೊಟ್ಟು ಅಭ್ಯಾಸ ಇದ್ದವರಿಗೆ ಅದರಲ್ಲಿ ವಿಶೇಷ ಏನೂ ಕಾಣಲಿಲ್ಲ. ಅಲ್ಲಿ "ಒನ್ನುಂ ಕಳಿಚ್ಚಿಲ್ಲಲ್ಲೋ?" (ಏನೂ ತಿಂದಿಲ್ಲ ತಾನೇ?) ಅಂತ ಇನ್ನೊಮ್ಮೆ ಕೇಳಿದಾಗ ನಾನು ಕನ್ನಡದಲ್ಲಿ ಹೇಳಿದೆ, ಆಗ ವಿಷಯ ಹೊರಗೆ ಬಂತು. ಮರುದಿನ ಪುನಃ ಹೋದೆವು. ಕೇಳದೇ ತೆಗೆದಿದ್ದರೆ ಇಲ್ಲದ ಶುಗರಿಗೆ ಮಾತ್ರೆ ಶುರುವಾಗ್ತಿತ್ತೋ ಏನೋ.

ರಾತ್ರಿ 8 ಗಂಟೆಗೆ ಊಟ ಮುಗಿಸಿದರೆ ಬೆಳಿಗ್ಗೆ ಏಳೂವರೆಗೆ ಸರಿಯಾಗುತ್ತದೆ. ಶುಗರಿಗೆ 8 ಗಂಟೆ ಹೊಟ್ಟೆ ಖಾಲಿ ಇದ್ದರೆ ಸಾಕು. ಕೊಲೆಸ್ಟ್ರಾಲಿಗೆ 9ರಿಂದ 12 ಗಂಟೆ ಹೇಳುತ್ತಾರೆ, ಈಗ ಕೆಲವು ಕಡೆ ಅದಕ್ಕೆ ಉಪವಾಸವೇ ಬೇಡ ಅನ್ನುವುದೂ ಉಂಟು. ಕೇಳಿಕೊಳ್ಳಿ.

ನೀರ್ಚಾಲಿನಿಂದ:
ಅತ್ತೆ ಎಲೆ ಅಡಿಕೆ ಹಾಕುವವರಾ? ಹಾಗಿದ್ದರೆ ಬೆಳಿಗ್ಗೆ ಸಂಚಿ ಅಡಗಿಸಿಡಿ. "ನುಂಗಲಿಲ್ಲ, ಉಗಿದೆ" ಅಂತ ನಮ್ಮ ಅಜ್ಜ ವಾದ ಮಾಡಿದ್ದರು. ಸಕ್ಕರೆ ಹಾಕದ ಕಾಪಿಯೂ ಬೇಡ.

ಮುಳ್ಳೇರಿಯದಿಂದ:
ನಾನು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದಲ್ಲೇ ಇರುವವಳು. ಸ್ವಲ್ಪ ಉದ್ದ ಬರೆಯುತ್ತೇನೆ.

ನರ ಸಿಗದೇ ಇರುವುದಕ್ಕೆ ಅರ್ಧ ಕಾರಣ ನೀರು ಕುಡಿಯದೇ ಬರುವುದು. ಉಪವಾಸ ಅಂದರೆ ಏಕಾದಶಿ ನಿರ್ಜಲ ಉಪವಾಸ ಅಂತ ತಿಳಿಯುವವರು ಈಗಲೂ ಜಾಸ್ತಿ. ಎದ್ದ ಕೂಡಲೇ ಎರಡು ಲೋಟ ಬರೀ ನೀರು ಕುಡಿಸಿ. ಮಳೆಗಾಲದಲ್ಲಿ ಕೈ ತಣ್ಣಗಾಗಿದ್ದರೆ ಬಿಸಿನೀರಿನ ಬಟ್ಟೆ ಒಂದು ಐದು ನಿಮಿಷ ಇಟ್ಟರೆ ನರ ಮೇಲೆ ಬರುತ್ತದೆ. ಬಿಗಿ ತೋಳಿನ ರವಿಕೆ ಬೇಡ.

ಕೂತ ಕೂಡಲೇ ಹೇಳಿ: ಹಿಂದೆ ಹೀಗಾಗಿತ್ತು, ಆಸ್ಪಿರಿನ್ ತಿನ್ನುತ್ತಾರೆ, ಇಂಥ ಕೈಯಲ್ಲಿ ನರ ಚೆನ್ನಾಗಿ ಸಿಗುತ್ತದೆ. ಹೀಗೆ ಹೇಳಿದರೆ ನಮಗೆ ಕೋಪ ಬರುವುದಿಲ್ಲ, ಬದಲು ಉಪಕಾರ. ಸಪುರ ನರಕ್ಕೆ ರೆಕ್ಕೆ ಇರುವ ಸಣ್ಣ ಸೂಜಿ ಇರುತ್ತದೆ, ನಾವು ಬಟರ್‌ಫ್ಲೈ ಅನ್ನುತ್ತೇವೆ. ಅದರಲ್ಲಿ ತೆಗೆಯಲು ಕೇಳಬಹುದು. ಎರಡು ಸಲ ತಪ್ಪಿದರೆ ಬೇರೆಯವರನ್ನು ಕರೆಯಿರಿ ಅಂತಲೂ ಹೇಳಬಹುದು, ಸಂಕೋಚ ಬೇಡ. ನಾನೇ ಎಷ್ಟೋ ಸಲ ಎದ್ದು ಪಕ್ಕದವರನ್ನು ಕೂರಿಸಿದ್ದೇನೆ.

ತೋಳಿಗೆ ರಬ್ಬರ್ ಪಟ್ಟಿ ಕಟ್ಟುತ್ತಾರೆ. ಸ್ಪಿರಿಟ್ ಹಚ್ಚಿ ಅದು ಒಣಗುವ ತನಕ ಕಾಯಬೇಕು, ಹಸಿ ಇರುವಾಗ ಚುಚ್ಚಿದರೆ ಉರಿ ಜಾಸ್ತಿ. ಸೂಜಿಯ ಪ್ಯಾಕೆಟ್ ನಿಮ್ಮ ಎದುರಲ್ಲೇ ಒಡೆಯಬೇಕು. ಮುಷ್ಟಿ ಹಿಡಿಯಿರಿ ಅಂದರೆ ಸುಮ್ನೆ ಹಿಡಿದರೆ ಸಾಕು. ಬಿಡುವುದು ಹಿಡಿಯುವುದು ಮಾಡುತ್ತಾ ಇದ್ದರೆ ಪೊಟ್ಯಾಸಿಯಂ ಲೆಕ್ಕ ತಪ್ಪಾಗಿ ಜಾಸ್ತಿ ಬರುತ್ತದೆ. ಚುಚ್ಚುವಾಗ ಕಟ್ಟಿರುವೆ ಕಚ್ಚಿದಷ್ಟು ನೋವು, ಆಮೇಲೆ ಏನೂ ಗೊತ್ತಾಗುವುದಿಲ್ಲ.

ಮೂರು ನಾಲ್ಕು ಟ್ಯೂಬ್ ನೋಡಿ ಹೆದರುವವರು ಇದ್ದಾರೆ. ಒಂದೊಂದು ಬಣ್ಣದ ಮುಚ್ಚಳ ಒಂದೊಂದು ಪರೀಕ್ಷೆಗೆ. ನೇರಳೆಯದ್ದು ಸಿಬಿಸಿಗೆ, ರಕ್ತ ಹೆಪ್ಪುಗಟ್ಟದ ಹಾಗೆ ಅದರಲ್ಲಿ ಮದ್ದು ಇರುತ್ತದೆ. ಬೂದು ಬಣ್ಣದ್ದು ಶುಗರಿಗೆ. ಕೆಂಪೋ ಹಳದಿಯೋ ಕೊಲೆಸ್ಟ್ರಾಲ್, ಥೈರಾಯ್ಡಿಗೆ. ಎಲ್ಲ ಸೇರಿದರೂ ಎರಡು ಚಹಾ ಚಮಚದಷ್ಟು. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ ಅಂತ ಅತ್ತೆಗೆ ಹೇಳಿ.

ಕೈ ನೇರಳೆ ಆಗುವುದು ಹೆಚ್ಚಾಗಿ ಸೂಜಿ ತೆಗೆದ ಮೇಲಿನ ತಪ್ಪಿನಿಂದ. ಹತ್ತಿ ಇಟ್ಟ ಕೂಡಲೇ ಎಲ್ಲರೂ ಮೊಣಕೈ ಮಡಚುತ್ತಾರೆ. ಮಡಚಬಾರದು. ಕೈ ನೇರ ಇಟ್ಟು, ಇನ್ನೊಂದು ಕೈಯ ಬೆರಳಲ್ಲಿ ಒತ್ತಿ ಹಿಡಿಯಬೇಕು, ತಿಕ್ಕಬಾರದು. ಆಸ್ಪಿರಿನ್ ತಿನ್ನುವವರಾದ ಕಾರಣ ಐದು ನಿಮಿಷ ಗಡಿಯಾರ ನೋಡಿ ಒತ್ತಿ. ಆ ದಿನ ಆ ಕೈಯಲ್ಲಿ ಕೊಡಪಾನ ಎತ್ತುವುದು ಬೇಡ.

ಮಾತ್ರೆ ನೀವಾಗಿ ನಿಲ್ಲಿಸಬೇಡಿ, ಆಸ್ಪಿರಿನ್ ಅಂತೂ ಬೇಡವೇ ಬೇಡ. ಬೆಳಗ್ಗಿನ ಮಾತ್ರೆ ಯಾವಾಗ ಅಂತ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಓದುವ ಬೇರೆಯವರಿಗೆ ಒಂದು ಮಾತು: ಶುಗರಿನ ಮಾತ್ರೆ, ಇನ್ಸುಲಿನ್ ತಗೊಂಡು ಹೊಟ್ಟೆ ಖಾಲಿ ಇಟ್ಟುಕೊಂಡು ಬರಬೇಡಿ, ಶುಗರ್ ಇಳಿದು ಬೀಳುತ್ತೀರಿ. ಅದನ್ನೂ ಮೊದಲೇ ಕೇಳಿಕೊಳ್ಳಿ.

ತಿಂಡಿ ತಿಂದ ಮೇಲಿನ ಶುಗರಿಗೆ ಎರಡು ಗಂಟೆ ಬಿಟ್ಟು ಪುನಃ ರಕ್ತ ತೆಗೆಯುತ್ತಾರೆ, ಅದಕ್ಕೆ ತಿಂಡಿ ಡಬ್ಬಿಯಲ್ಲಿ ತನ್ನಿ. ದಿನಾ ತಿನ್ನುವುದನ್ನೇ ತಿನ್ನಲಿ. ಎರಡು ಗಂಟೆ ಲೆಕ್ಕ ತಿನ್ನಲು ಶುರು ಮಾಡಿದ ಹೊತ್ತಿನಿಂದ, ಕೈ ತೊಳೆದ ಮೇಲಿಂದ ಅಲ್ಲ. ಆ ನಡುವೆ ಬೇರೇನೂ ತಿನ್ನಬಾರದು.

ಬದಿಯಡ್ಕದಿಂದ:
ಹೆದರುವವರನ್ನು ಮಲಗಿಸಿಯೇ ತೆಗೆಸಿ. ನಾನು ಅಡಿಕೆ ಮರ ಹತ್ತುವವನು, ಎತ್ತರ ಅಂದರೆ ಲೆಕ್ಕಕ್ಕಿಲ್ಲ. ಆದರೆ ಟ್ಯೂಬಿಗೆ ರಕ್ತ ಹತ್ತುವುದು ನೋಡಿದೆ ನೋಡಿ, ಕಿವಿ ಗುಂಯ್ ಅಂತು, ಬೆನ್ನಲ್ಲಿ ತಣ್ಣನೆ ಬೆವರು, ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ. ಈಗ ಮೊದಲೇ ಹೇಳಿ ಮಲಗುತ್ತೇನೆ, ಗೋಡೆ ನೋಡುತ್ತೇನೆ. ತೆಗೆದ ಮೇಲೆ ಹತ್ತು ನಿಮಿಷ ಏಳುವುದಿಲ್ಲ.

ಮಂಜೇಶ್ವರದಿಂದ:
ಎಲ್ಲಿ ಮಾಡಿಸುವುದು ಅಂತ ನೀವು ಕೇಳಲಿಲ್ಲ, ಆದರೂ ಹೇಳ್ತೇನೆ. ನಾವೂ ಮೊದಲು ಇದಕ್ಕೆಲ್ಲ ಮಂಗಳೂರಿಗೇ ಓಡುತ್ತಿದ್ದೆವು. 2020ರಲ್ಲಿ ಕೊರೊನಾ ಅಂತ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ ಬೇರೆ ದಾರಿ ಇಲ್ಲದೆ ಊರಿನಲ್ಲೇ ಮಾಡಿಸಿದೆವು, ಈಗ ಅದೇ ಅಭ್ಯಾಸ. ಖಾಲಿ ಹೊಟ್ಟೆಯಲ್ಲಿ ವಯಸ್ಸಾದವರನ್ನು ಬಸ್ಸಿನಲ್ಲಿ ಅಷ್ಟು ದೂರ ಕೂರಿಸುವುದು ಯಾಕೆ? ರಿಪೋರ್ಟ್ ಮಂಗಳೂರಿನ ನಮ್ಮ ಡಾಕ್ಟರು ಯಾವ ತಕರಾರೂ ಇಲ್ಲದೆ ನೋಡಿದರು. ಆದರೆ ಥೈರಾಯ್ಡ್ ಮುಂದೆ ಪುನಃ ಮಾಡಿಸುವುದಾದರೆ ಅದೇ ಲ್ಯಾಬಿನಲ್ಲಿ ಮಾಡಿಸಿ, ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ವ್ಯತ್ಯಾಸ ಬರುತ್ತದೆ. ರಿಪೋರ್ಟಿನಲ್ಲಿ ಹೆಚ್ಚು ಕಡಿಮೆ ಅಂತ ದಪ್ಪ ಅಕ್ಷರದಲ್ಲಿ ಬಂದದ್ದೆಲ್ಲ ಕಾಯಿಲೆ ಅಲ್ಲ. ಮೊಬೈಲಲ್ಲಿ ಹುಡುಕಿ ಅತ್ತೆಗೆ ಓದಿ ಹೇಳಬೇಡಿ ಮಾರಾಯ್ರೆ.

ಪೆರ್ಲದಿಂದ, ಕೇಳಿದವರು:
ನಿನ್ನೆ ಹೋಗಿ ಬಂದೆವು, ಊರಿನಲ್ಲೇ. ಡಾಕ್ಟರಿಗೆ ಫೋನ್ ಮಾಡಿದ್ದೆ. ಬಿಪಿ ಮಾತ್ರೆ ನೀರಿನಲ್ಲಿ, ಆಸ್ಪಿರಿನ್ ತಿಂಡಿ ಆದ ಮೇಲೆ ಅಂದರು. ಮಲಗಿಸಿ, ಬಟರ್‌ಫ್ಲೈ ಸೂಜಿಯಲ್ಲಿ ಒಂದೇ ಸಲಕ್ಕೆ ಆಯಿತು. ಐದು ನಿಮಿಷ ನಾನೇ ಒತ್ತಿ ಹಿಡಿದೆ, ಸಣ್ಣ ಚುಕ್ಕೆ ಮಾತ್ರ ಇದೆ. ನೀರುದೋಸೆಯ ಡಬ್ಬಿ ಮನೆಯ ಮೇಜಿನ ಮೇಲೆಯೇ ಮರೆತು ಹೋದದ್ದೊಂದು ಎಡವಟ್ಟು, ಹೋಟೆಲಿನ ಇಡ್ಲಿ ತಿನ್ನಿಸಬೇಕಾಯಿತು. ಸೂಜಿ ಸುದ್ದಿ ಅತ್ತೆ ಎತ್ತುತ್ತಲೇ ಇಲ್ಲ. ಇಡ್ಲಿ ಹುಳಿ ಬಂದಿತ್ತು ಅಂತ ಬಂದವರಿಗೆಲ್ಲ ಹೇಳುತ್ತಿದ್ದಾರೆ.