ಸಂಧಿವಾತದ ಕೈಯಲ್ಲಿ ಕಾಯಿ ತುರಿಯುವುದು, ಗಂಜಿ ಬಸಿಯುವುದು ಹೇಗೆ?

ಪ್ರಶ್ನೆ (ಕಾಪು): ಅಮ್ಮನಿಗೆ ರುಮಟಾಯ್ಡ್ ಸಂಧಿವಾತ (ದೇಹದ ರಕ್ಷಣಾ ವ್ಯವಸ್ಥೆಯೇ ಗಂಟುಗಳನ್ನು ಕೆಡಿಸುವ ಕಾಯಿಲೆ), ಮದ್ದು ನಡೀತಾ ಉಂಟು. ಆದರೂ ಹೆಬ್ಬೆರಳಿನ ಬುಡ, ಮಣಿಕಟ್ಟು ನೋಯ್ತದೆ. ಕಾಯಿ ತುರಿ, ಕುಚಲಕ್ಕಿ ಬಸಿಯುವುದು, ಬಟ್ಟೆ ಹಿಂಡುವುದು ಮಾತ್ರ ಯಾರಿಗೂ ಬಿಟ್ಟುಕೊಡುವುದಿಲ್ಲ. ಗಂಟಿಗೆ ಪೆಟ್ಟಾಗದ ಹಾಗೆ ಮಾಡಲಿಕ್ಕೆ ಆಗ್ತದಾ?

ಉತ್ತರ 1 (ಆಕ್ಯುಪೇಶನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸ ಸುಲಭವಾಗಿ ಮಾಡಲು ಕಲಿಸುವವರು, ಮಣಿಪಾಲ): ಆಗ್ತದೆ. ಮೊದಲು ಅವರು ಹಿಡಿಯುವ ರೀತಿ ನೋಡಿ. ಬೆರಳ ತುದಿಯಲ್ಲಿ ಚಿವುಟಿ ಹಿಡಿದರೆ ಹೆಬ್ಬೆರಳ ಬುಡದ ಗಂಟಿನ ಮೇಲೆ ಬೀಳುವುದು ಆ ಬಲದ ಸುಮಾರು 12 ಪಟ್ಟು. ಹಾಗಾಗಿ ತೆಳು ಹಿಡಿಯ ಚಾಕುವೇ ಮೊದಲ ಶತ್ರು. ಎ.ಸಿ. ಪೈಪಿಗೆ ಹಾಕುವ ಕಪ್ಪು ಫೋಮ್ ಕೊಳವೆ ತಂದು ಹಿಡಿಗೆ ತೂರಿಸಿ, 3-4 ಸೆಂ.ಮೀ. ದಪ್ಪ ಸಾಕು. ಹೆಚ್ಚಾದರೆ ಸಣ್ಣ ಕೈಗೆ ಮುಷ್ಟಿ ಕೂಡುವುದಿಲ್ಲ, ಇನ್ನೂ ಬಿಗಿಯಾಗಿ ಹಿಡೀತಾರೆ. ಒಲೆ ಹತ್ತಿರದ ಸೌಟಿಗೆ ಫೋಮ್ ಬೇಡ, ಕರಗ್ತದೆ. ಅದಕ್ಕೆ ದಪ್ಪ ಮರದ ಹಿಡಿಯದ್ದೇ ತನ್ನಿ.

ಗಂಜಿ ಪಾತ್ರೆ ಬಗ್ಗಿಸುವುದೇ ಬೇಡ ಮಾರಾಯ್ರೆ. 3 ಲೀಟರ್ ನೀರೆಂದರೆ 3 ಕೆ.ಜಿ., ಮೇಲೆ ಪಾತ್ರೆ, ಅನ್ನ. ಜಾಲರಿ ಸೌಟಿನಲ್ಲಿ ಸ್ವಲ್ಪ ಸ್ವಲ್ಪವೇ ಅನ್ನ ತೆಗೆದು ತೂತಿನ ಪಾತ್ರೆಗೆ ಹಾಕಿ. ತಿಳಿ ಒಲೆ ಮೇಲೆಯೇ ತಣಿಯಲಿ, ಆಮೇಲೆ ಲೋಟದಲ್ಲಿ ತೋಡಿ.

ಉತ್ತರ 2 (ಫಿಸಿಯೋಥೆರಪಿಸ್ಟ್, ಮಂಗಳೂರು): ಹೆರೆಮಣೆಯಲ್ಲಿ ಎರಡು ತೊಂದರೆ: ಮೊಣಕಾಲು ಪೂರ್ತಿ ಮಡಚ್ತದೆ, ಕಡಿ (ಒಡೆದ ಕಾಯಿಯ ಅರ್ಧ ಭಾಗ) ತಿರುಗಿಸುವಾಗ ಬೆರಳುಗಳು ಕಿರುಬೆರಳಿನ ಕಡೆಗೆ ದೂಡಿಕೊಳ್ತವೆ. ರುಮಟಾಯ್ಡ್‌ನಲ್ಲಿ ಬೆರಳು ವಾಲುವುದೂ ಆ ಕಡೆಗೇ. ಟೇಬಲ್ ಗ್ರೈಂಡರಿಗೆ ಸಿಗುವ ತುರಿಮಣೆ ಸಿಕ್ಕಿಸಿ, ಅಂಗೈಯಲ್ಲಿ ಒತ್ತಲಿ. ಇಲ್ಲದಿದ್ದರೆ ಕಡಿಯನ್ನು ರಾತ್ರಿ ಫ್ರೀಜರಲ್ಲಿಡಿ, ಬೆಳಿಗ್ಗೆ ತಿರುಳು ಚಿಪ್ಪು ಬಿಡ್ತದೆ. ತುಂಡು ಮಾಡಿ ಮಿಕ್ಸಿಗೆ ಹಾಕಿದರಾಯ್ತು.

ಡಬ್ಬದ ಮುಚ್ಚಳ ಬಲಗೈಯಲ್ಲಿ ತೆರೆಯಲಿ, ಎಡಗೈಯಲ್ಲಿ ಮುಚ್ಚಲಿ. ಅಂಗೈ ಚಪ್ಪಟೆ ಇಟ್ಟು ಹೆಗಲಿನ ಬಲ ಹಾಕಬೇಕು. ಆಗ ಬೆರಳು ಹೆಬ್ಬೆರಳಿನ ಕಡೆಗೆ ತಿರುಗ್ತದೆ, ವಾಲುವುದಿಲ್ಲ. ಬಟ್ಟೆ ಹಿಂಡಲೇಬೇಡಿ, ನಳಕ್ಕೆ ಸುತ್ತಿ ಎಳೆಯಿರಿ. ನಮ್ಮ ಮಳೆಗಾಲಕ್ಕೆ ಅದೂ ಸಾಲದು, ಮೆಷಿನ್‌ನ ಸ್ಪಿನ್ ಒಂದೇ ದಾರಿ.

ಪ್ರಶ್ನೆ (ಕಾಪು): ನೋವು ಬಂದ ಕೂಡಲೇ ನಿಲ್ಲಿಸಬೇಕಾ?

ಉತ್ತರ 1: ಕೆಲಸ ಮುಗಿದು 2 ಗಂಟೆ ಕಳೆದರೂ ನೋವು ಇಳಿಯದಿದ್ದರೆ ಹೆಚ್ಚಾಯ್ತು ಅಂತ ಅರ್ಥ, ನಾಳೆ ಅರ್ಧ ಮಾಡಿ. ಊದಿ ಬಿಸಿಯಾದ ಗಂಟಿಗೆ ಭಾರ ಬೇಡ, ಸ್ಪ್ಲಿಂಟ್ (ಗಂಟು ಅಲುಗದಂತೆ ಹಿಡಿದಿಡುವ ಪಟ್ಟಿ) ಹಾಕಿ. ಆದರೆ ದಿನಕ್ಕೊಮ್ಮೆ ಮೆಲ್ಲಗೆ ಮಡಚಿ ಬಿಡಿಸದಿದ್ದರೆ ಸೆಟೆದುಕೊಳ್ತದೆ. ಒಂದೇ ಗಂಟು ಏಕಾಏಕಿ ಊದಿ, ಕೆಂಪಾಗಿ, ಜ್ವರವೂ ಬಂದರೆ ಮನೆಮದ್ದು ಬೇಡ, ಅಂದೇ ಡಾಕ್ಟರ ಹತ್ತಿರ ಹೋಗಿ.