ಸಹಾಯ ಬೇಕು: ‘ಕೋಳಿ’ ಸರಿಯಾಗಿ ಬರೆದರೂ ತಪ್ಪು ಅಂತಿದೆ

ಎಲ್ಲರಿಗೂ ನಮಸ್ಕಾರ. ನಾನು ಮದ್ದೂರು ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಕನ್ನಡ ತಗೋತೀನಿ. ಕಾಗುಣಿತ ಅಭ್ಯಾಸಕ್ಕೆ ಅಂತ ಆನ್‌ಲೈನ್ ಉಚಿತ ಟೂಲ್ ಒಂದರಲ್ಲಿ 60 ಪದ ಹಾಕಿದ್ದೀನಿ. ನಾನು ಪದ ಹೇಳ್ತೀನಿ, ಮಕ್ಕಳು ಟ್ಯಾಬ್‌ನಲ್ಲಿ ಟೈಪ್ ಮಾಡ್ತಾರೆ, ಟೂಲ್ ಅದನ್ನ ನನ್ನ ಪಟ್ಟಿ ಜೊತೆ ಹೋಲಿಸಿ ಸರಿ-ತಪ್ಪು ಹೇಳುತ್ತೆ.

ಮರ, ಹಸು, ಕಾಗೆ, ಅಕ್ಕ ಎಲ್ಲಾ ಸರಿ. ಕೋಳಿ, ಮೇಕೆ, ಜೇನು, ನೀರು ಬಂದ್ರೆ ಕೆಂಪು ಗುರುತು! ನಿನ್ನೆ ಒಬ್ಬ ಹುಡುಗ, “ನಾನ್ ಸರ್ಯಾಗೇ ಬರ್ದಿವ್ನಿ ಮಿಸ್, ಇದ್ಯಾಕೆ ತಪ್ಪು ಅಂತದೆ?” ಅಂತ ಕಣ್ಣಲ್ಲಿ ನೀರು ತುಂಬ್ಕೊಂಡ. ಪಾಪ, ಅವನದ್ದು ನಿಜಕ್ಕೂ ಸರಿಯೇ ಇತ್ತು.

ಬ್ರೌಸರ್ ಬದಲಾಯಿಸಿದೆ, ಪದದ ಹಿಂದೆ ಮುಂದೆ ಸ್ಪೇಸ್ ಇದೆಯಾ ನೋಡಿದೆ. ಏನೂ ಆಗಲಿಲ್ಲ. ಆಮೇಲೆ ಒಂದು ಗಮನಿಸಿದೆ: ನನ್ನ ಪಟ್ಟಿಯ ‘ಕೋ’ ಮುಂದೆ ಬ್ಯಾಕ್‌ಸ್ಪೇಸ್ ಒತ್ತಿದ್ರೆ ದೀರ್ಘ ಮಾತ್ರ ಹೋಗಿ ‘ಕೊ’ ಉಳಿಯುತ್ತೆ. ಮಗು ಟೈಪ್ ಮಾಡಿದ್ದರಲ್ಲಿ ಒಂದೇ ಏಟಿಗೆ ‘ಕ’ ಆಗುತ್ತೆ. ಪಟ್ಟಿಯನ್ನ ಹಳೇ ಫಾಂಟ್‌ನ ಫೈಲಿಂದ ಯೂನಿಕೋಡ್‌ಗೆ (ಈಗ ಫೋನ್, ಕಂಪ್ಯೂಟರ್ ಎಲ್ಲಾ ಬಳಸೋ ಅಕ್ಷರ ಸಂಕೇತಕ್ಕೆ) ಕನ್ವರ್ಟ್ ಮಾಡಿದ್ದೆ. ಅಲ್ಲಿ ದೀರ್ಘ ಬೇರೆಯಾಗಿ ಕೂತಿದೆ ಅನ್ಸುತ್ತೆ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ.

‘ಕೋಳಿ’ ಒಂದನ್ನ ಮೊಬೈಲ್ ಕೀಬೋರ್ಡಲ್ಲಿ ಹೊಸದಾಗಿ ಹೊಡೆದು ಹಾಕಿದೆ, ಸರಿ ಹೋಯ್ತು. ಆದ್ರೆ ಎರಡು, ಮೂರನೇ ತರಗತಿ ಪಟ್ಟಿಗಳೂ ಇದೇ ಫೈಲಿಂದ ಬಂದಿರೋವು, ಎಲ್ಲಾ ಮತ್ತೆ ಹೊಡೆಯೋಕೆ ಕೂರೋದು ಕಷ್ಟ.

ಈ ಬಿಡಿ ದೀರ್ಘಗಳನ್ನ ಎಕ್ಸೆಲ್‌ನಲ್ಲೋ ಬೇರೆ ಕಡೆಯೋ ಒಂದೇ ಸಲ ಕೂಡಿಸೋದು ಹೇಗೆ? ಮಾಡಿದವರು ಯಾರಾದ್ರೂ ಇದ್ರೆ ಹಂತಹಂತವಾಗಿ ಹೇಳ್ತೀರಾ?